ಶಿವಾರಪಟ್ಟಣ ಸೀಮೆಯ ಹಳ್ಳಿಯ ಮನೆ: ಅದರ ಅಂಕಣವೂ ಚಾವಣಿಯೂ

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಆ ಸಂಪುಟದ ದೆಸೆಯಿಂದ ಈ ಸೀಮೆಯನ್ನಾಳಿದ ಅರಸರು, ಕೆರೆ ಕಟ್ಟಿಸಿದ ದಾನಿಗಳು, ತುರುಗೊಳ್ ಕಾಳಗಗಳಲ್ಲಿ ಮಡಿದ ವೀರರು ನಮಗೆ ಹೆಸರು ಹಿಡಿದು ಪರಿಚಿತರಾಗಿದ್ದಾರೆ. ಆ ಕೆರೆಗಳ ಕೆಳಗೆ ಉತ್ತು ಬಿತ್ತಿದ ಜನರು ಎಂಥ ಮನೆಗಳಲ್ಲಿ ಬಾಳಿದರು, ಆ ಮನೆಗಳು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟುವು ಎಂಬುದನ್ನು ತಿಳಿಸುವ ಅಂಥ ಸಂಪುಟವೊಂದು ನಮ್ಮಲ್ಲಿಲ್ಲ. ಶಾಸನವನ್ನು ಒಮ್ಮೆ ಕೊರೆದರೆ ಅದು ಹಾಗೆಯೇ ನಿಲ್ಲುತ್ತದೆ. ಮನೆಯಾದರೋ ತಲೆಮಾರು ತಲೆಮಾರಿಗೂ ತಿದ್ದಲ್ಪಡುತ್ತ ಬರುವ ಬರಹ. ಹಾಗಿದ್ದರೂ ಹಿಂದಿನ ಅಕ್ಷರಗಳು ಪೂರ್ಣವಾಗಿ ಅಳಿಯುವುದಿಲ್ಲ. ಅವುಗಳನ್ನು ಓದುವ ಬಗೆ ಯಾವುದೆಂಬುದನ್ನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಮತ್ತು ಅದರ ಸುತ್ತಣ ಹಳ್ಳಿಗಳ ಮನೆಯ ಮಾದರಿಯನ್ನಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ವರ್ಣಿಸಿರುವುದು ಯಾವೊಂದು ಕುಟುಂಬದ ಮನೆಯನ್ನೂ ಅಲ್ಲ. ಈ ಪ್ರದೇಶದ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳನ್ನು ಒಟ್ಟುಗೂಡಿಸಿದ ಮಾದರಿಯನ್ನು ಎಂದು ವಾಚಕರು ತಿಳಿಯಬೇಕು. ನಮ್ಮ ಪ್ರತಿಪಾದನೆ ಇಷ್ಟು: ಈ ಸೀಮೆಯ ಮನೆಯಲ್ಲಿ ಬಹುಬೇಗ ಬದಲಾಗುವ ಅಂಗ ಚಾವಣಿ, ಬಹುಕಾಲ ಉಳಿಯುವ ಅಂಶ ಅಂಕಣದ ಅಳತೆ. ಈ ಎರಡರ ಸಂಬಂಧವನ್ನು ಅರಿತರೆ ಮನೆಯ ಚರಿತ್ರೆ ಬಹುಮಟ್ಟಿಗೆ ತಿಳಿದಂತೆಯೇ ಸರಿ.

೧. ನೆಲ ಮತ್ತು ಸಾಮಗ್ರಿ

ಶಿವಾರಪಟ್ಟಣವು ವಿಗ್ರಹಶಿಲ್ಪಕ್ಕೆ ಹೆಸರಾದ ಊರು. ಇಲ್ಲಿಯ ಶಿಲ್ಪಿಗಳು ಕಡೆದ ಮೂರ್ತಿಗಳು ನಾಡಿನ ದೇವಾಲಯಗಳಿಗೂ ಹೊರದೇಶಗಳಲ್ಲಿರುವ ದೇವಾಲಯಗಳಿಗೂ ಹೋಗಿವೆ. ಆದರೆ ಮೂರ್ತಿಗೆ ಒದಗುವ ನುಣುಪಾದ ಕೃಷ್ಣಶಿಲೆ ಈ ನೆಲದ್ದಲ್ಲ. ಅದು ಹೊರಗಿನಿಂದ ಬರತಕ್ಕದ್ದು. ಸ್ಥಳೀಯವಾಗಿ ದೊರೆಯುವುದು ಒರಟಾದ ಬೆಣಚುಕಲ್ಲು, ಎಂದರೆ ಗ್ರಾನೈಟು ಮತ್ತು ಅದರ ಸಂಬಂಧಿಯಾದ ನೈಸ್ ಶಿಲೆ. ರೈಲಿನಲ್ಲಿ ಮಾಲೂರನ್ನು ದಾಟಿ ಬಂಗಾರಪೇಟೆಯ ಕಡೆಗೆ ಹೋಗುವವರು ಟೇಕಲ್ಲಿನ ಬಳಿ ಗುಂಡುಗಳ ಮೇಲೆ ಗುಂಡುಗಳನ್ನು ಪೇರಿಸಿದಂತಿರುವ ಬೆಟ್ಟಗಳನ್ನು ಕಾಣುತ್ತಾರೆ. ದೇವರಿಗೆ ಹೊರಗಿನ ಕಲ್ಲು, ಮನೆಗೆ ಊರಿನ ಕಲ್ಲು: ಸಾಮಗ್ರಿಯ ಈ ವಿಭಾಗ ಇಲ್ಲಿಯ ಕಟ್ಟಡಗಳನ್ನು ಕುರಿತು ಯೋಚಿಸುವಾಗ ನೆನಪಿನಲ್ಲಿಡತಕ್ಕದ್ದು.

ಕಲ್ಲಿನ ಜೊತೆಗೆ ಕೆಂಪುಮಣ್ಣು ಇಲ್ಲಿ ಹೇರಳವಾಗಿದೆ. ಕೆರೆಯ ಅಂಗಳದ ಜಿಗುಟುಮಣ್ಣು ಇಟ್ಟಿಗೆಗೂ ಹೆಂಚಿಗೂ ಒದಗುತ್ತದೆ. ಒಳ್ಳೆಯ ಮರ ಮಾತ್ರ ವಿರಳ. ಮಳೆಯೂ ಮಿತವಾದದ್ದು: ವರ್ಷಕ್ಕೆ ಸರಾಸರಿ ೭೦೦ರಿಂದ ೭೫೦ ಮಿಲಿಮೀಟರು. ಆಗುಂಬೆಯಲ್ಲಿ ಬೀಳುವ ಮಳೆ ಇದರ ಹತ್ತು ಪಟ್ಟಿನಷ್ಟು. ಮಲೆನಾಡಿನ ಮನೆಗೆ ಕಡಿದಾದ ಇಳಿಜಾರಿನ ಚಾವಣಿ ಅನಿವಾರ್ಯವಾದರೆ, ಕೋಲಾರದ ಮನೆ ಮಟ್ಟಸವಾದ ಮಾಳಿಗೆಯನ್ನು ಹೊದ್ದು ಬಾಳಬಲ್ಲುದು. ಈ ವ್ಯತ್ಯಾಸವನ್ನು ರೈಸ್ ಅವರ ಮೈಸೂರು ಗೆಜೆಟಿಯರ್ ಕೂಡ ಗುರುತಿಸಿದೆ. ಸಂಸ್ಥಾನದ ಮನೆಗಳು ಸಾಮಾನ್ಯವಾಗಿ ಮಣ್ಣಿನವು, ಒಂದೇ ಅಂತಸ್ತಿನವು, ಬಾಗಿಲನ್ನು ಬಿಟ್ಟರೆ ಹೊರಮುಖವಾಗಿ ತೆರಪು ಬಹು ಕಡಿಮೆಯಾದವು, ಒಳಗೆ ಮಾತ್ರ ಆಕಾಶಕ್ಕೆ ತೆರೆದ ಅಂಗಳವುಳ್ಳವು ಎಂದೂ, ಹೆಂಚಿನ ಚಾವಣಿ ವಿಶೇಷವಾಗಿ ಮಳೆ ಹೆಚ್ಚಾದ ಪಶ್ಚಿಮ ಭಾಗದ್ದು ಎಂದೂ ಅದರಲ್ಲಿ ಹೇಳಿದೆ. ಬಡವರ ಮತ್ತು ಅಂದು ಅಸ್ಪೃಶ್ಯರೆನಿಸಿದ್ದವರ ಗುಡಿಸಲುಗಳು ಹುಲ್ಲುಹೊದಿಕೆಯವು ಎಂಬ ಮಾತೂ ಅಲ್ಲಿಯೇ ಇದೆ. ಈ ಕಡೆಯ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

೨. ಅಂಕಣವೆಂಬ ಅಳತೆ

ನಮ್ಮ ಹಳ್ಳಿಗಳಲ್ಲಿ ಮನೆಯ ದೊಡ್ಡತನವನ್ನು ಕೋಣೆಗಳಿಂದ ಎಣಿಸುತ್ತಿರಲಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ ಎಂದು ಅಂಕಣಗಳಿಂದ ಎಣಿಸುತ್ತಿದ್ದರು. ಅಂಕಣವೆಂದರೆ ಎರಡು ತೊಲೆಗಳ ಅಥವಾ ಎರಡು ಕಂಬಸಾಲುಗಳ ನಡುವಣ ತೆರಪು. ದನದ ಕೊಟ್ಟಿಗೆಯನ್ನೂ ಗುಡಿಯ ಮಂಟಪವನ್ನೂ ಇದೇ ಲೆಕ್ಕದಿಂದ ಅಳೆಯುವುದುಂಟು. ಅಂಕಣದ ಅಗಲ ಊರಿಂದ ಊರಿಗೆ, ದೊರೆತ ಮರದ ಉದ್ದವನ್ನನುಸರಿಸಿ, ಹೆಚ್ಚು ಕಡಿಮೆಯಾಗುತ್ತದೆ. ಏಳೆಂಟು ಅಡಿಯೆಂದು ಸ್ಥೂಲವಾಗಿ ಹೇಳಬಹುದು.

ಈ ಅಳತೆ ಹುಟ್ಟಿದುದು ಭಾರ ಹೊರುವ ಸಾಮರ್ಥ್ಯದಿಂದ. ಮೇಲಣ ಮಣ್ಣಿನ ಅಥವಾ ಕಲ್ಲಿನ ಭಾರವನ್ನು ತಾಳಿಕೊಂಡು ಬಾಗದೆ ನಿಲ್ಲಬಲ್ಲ ಜಂತೆಯ ಉದ್ದಕ್ಕೆ ಮಿತಿಯಿದೆ. ಆ ಮಿತಿಯೇ ಅಂಕಣ. ಒಮ್ಮೆ ಅದು ರೂಢಿಯಾದ ಮೇಲೆ ಬರಿಯ ಕಟ್ಟಡದ ಅಳತೆಯಾಗಿ ಉಳಿಯಲಿಲ್ಲ. ಆಸ್ತಿಯ ಅಳತೆಯಾಯಿತು, ಅಂತಸ್ತಿನ ಅಳತೆಯೂ ಆಯಿತು. ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿ ಇಂಥವನಿಗೆ ಇಷ್ಟು ಅಂಕಣವೆಂದು ಬರೆಯುವುದು ವಾಡಿಕೆಯಾಯಿತು.

ಮನೆಯ ವಿನ್ಯಾಸವನ್ನು ಬೀದಿಯಿಂದ ಹಿತ್ತಲಿನವರೆಗೆ ಅನುಕ್ರಮವಾಗಿ ನೋಡೋಣ. ಮೊದಲು ಬೀದಿಗೆ ಅಂಟಿದ ಜಗಲಿ; ದಾರಿಹೋಕರು ಕುಳಿತು ಮಾತನಾಡುವ, ಮುದುಕರು ಬಿಸಿಲು ಕಾಯುವ ಸ್ಥಳ. ಆಮೇಲೆ ತಲೆಬಾಗಿಲು. ಅದರ ದಾರಂದ ತಗ್ಗು. ಒಳಗೆ ಹೋಗುವವರು ತಲೆ ಬಾಗಿಸಲೇಬೇಕು. ಒಳಹೊಕ್ಕೊಡನೆ ಒಂದು ಪಕ್ಕಕ್ಕೆ ದನಗಳನ್ನು ಕಟ್ಟುವ ಕೊಟ್ಟಿಗೆ. ಅದರಾಚೆಗೆ ನಡುಮನೆ, ಇದರ ನೆಲ ಕೊಟ್ಟಿಗೆಗಿಂತ ಒಂದು ಮೆಟ್ಟಿಲು ಎತ್ತರ. ನಡುಮನೆಯ ಒಳಪಕ್ಕಕ್ಕೆ ಅಡುಗೆಮನೆ, ದೇವರ ಗೂಡು, ಬಚ್ಚಲು. ಕಡೆಯಲ್ಲಿ ಹಿತ್ತಿಲ ಬಾಗಿಲು. ಅನುಕೂಲವಂತರ ಮನೆಯಾದರೆ ನಡುವೆ ತೊಟ್ಟಿಯಿದ್ದು ಸುತ್ತಲೂ ಪಡಸಾಲೆಯಿರುತ್ತದೆ. ಸಾಮಾನ್ಯರ ಮನೆಯಲ್ಲಿ ತೊಟ್ಟಿಯ ಕೆಲಸವನ್ನು ಚಾವಣಿಯಲ್ಲಿ ಬಿಟ್ಟ ಗವಾಕ್ಷಿ ಮಾಡುತ್ತದೆ: ಬೆಳಕು ಒಳಗೆ ಬರಲು, ಹೊಗೆ ಹೊರಗೆ ಹೋಗಲು ಅದೊಂದೇ ದಾರಿ. ರಾಗಿಯನ್ನು ಕಣಜದಲ್ಲಿ, ವಾಡೆಯಲ್ಲಿ, ಹೆಚ್ಚಾಗಿದ್ದರೆ ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು.

ಈ ಅನುಕ್ರಮವು ಮನೆಯೊಳಗಣ ಮರ್ಯಾದೆಯ ಅನುಕ್ರಮವೂ ಹೌದು. ಯಾರು ಜಗಲಿಯವರೆಗೆ ಬರಬಹುದು, ಯಾರು ನಡುಮನೆಯವರೆಗೆ, ಯಾರು ಅಡುಗೆಮನೆಯ ಹೊಸ್ತಿಲನ್ನು ದಾಟಬಹುದು ಎಂಬ ಜಾತಿಯ, ನಂಟಿನ, ಮಡಿಮೈಲಿಗೆಯ ಕಟ್ಟಳೆಗಳನ್ನು ಗೋಡೆಬಾಗಿಲುಗಳೇ ಸಾರುತ್ತಿದ್ದುವು. ಹಳೆಯ ಮನೆಯನ್ನು ಹೊಗಳುವಾಗ ಈ ಅಂಶವನ್ನು ಮರೆಯುವಂತಿಲ್ಲ.

೩. ಚಾವಣಿಯ ಅವಸ್ಥೆಗಳು

ಗೋಡೆಯ ವಿಷಯವನ್ನು ಮೊದಲು ಸಂಕ್ಷೇಪವಾಗಿ ಹೇಳಬಹುದು. ಕಾಡುಗಲ್ಲಿನ ತಳಪಾಯದ ಮೇಲೆ, ಕಲಸಿ ತುಳಿದು ಹದಮಾಡಿದ ಕೆಂಪುಮಣ್ಣನ್ನು ಸಾಲು ಸಾಲಾಗಿ ಏರಿಸುವುದು ಪದ್ಧತಿ. ಒಂದು ಸಾಲು ಒಣಗಿ ಗಟ್ಟಿಯಾದ ಮೇಲೆಯೇ ಮತ್ತೊಂದು ಸಾಲು. ಒಂದೂವರೆ ಎರಡು ಅಡಿ ದಪ್ಪದ ಈ ಗೋಡೆ ಹಗಲಿನ ಸೆಕೆಯನ್ನು ನಿಧಾನವಾಗಿ ಹೀರಿ ರಾತ್ರಿ ನಿಧಾನವಾಗಿ ಬಿಡುವುದರಿಂದ ಒಳಗಿನ ಹವೆ ಸಮವಾಗಿರುತ್ತದೆ. ಇದರ ಶತ್ರು ನೀರು. ಬುಡ ನೆನೆಯದಂತೆಯೂ ತಲೆ ನೆನೆಯದಂತೆಯೂ ಕಾಪಾಡಿದರೆ ಮಣ್ಣಿನ ಗೋಡೆ ಹಲವು ತಲೆಮಾರು ಬಾಳುತ್ತದೆ. ಆದಕಾರಣ ಮನೆಯ ಆಯುಸ್ಸು ಚಾವಣಿಯ ಕೈಯಲ್ಲಿದೆ.

ಮೊದಲನೆಯ ಅವಸ್ಥೆಯಲ್ಲಿ ಎರಡು ಬಗೆಯ ಚಾವಣಿಗಳು ಜೊತೆಜೊತೆಯಾಗಿದ್ದುವು: ಇಲ್ಲದವರಿಗೆ ಹುಲ್ಲು ಅಥವಾ ಗರಿಯ ಹೊದಿಕೆ, ಇದ್ದವರಿಗೆ ಮಣ್ಣಿನ ಮಾಳಿಗೆ. ಹುಲ್ಲು ಹಗುರ, ತಂಪು. ಆದರೆ ಬೆಂಕಿಗೆ ಸುಲಭದ ತುತ್ತು, ಮೇಲಾಗಿ ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೊದಿಸಬೇಕು. ಮಾಳಿಗೆಯಲ್ಲಿ ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಜೋಡಿಸಿದ ಕಡ್ಡಿ, ಅದರ ಮೇಲೆ ಸೊಪ್ಪು, ಅದರ ಮೇಲೆ ಅರ್ಧ ಅಡಿಗೆ ಕಡಿಮೆಯಿಲ್ಲದಂತೆ ಬಡಿದು ಕೂರಿಸಿದ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷವೂ ಮೇಲ್ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಗೆದ್ದಲಿನ ಭಯವಂತೂ ಇದ್ದೇ ಇತ್ತು.

ಎರಡನೆಯದು ಕಲ್ಲುಚಪ್ಪಡಿಯ ಚಾವಣಿ. ಕೋಲಾರ ಸೀಮೆಯ ವೈಶಿಷ್ಟ್ಯವಿರುವುದು ಇಲ್ಲಿ. ಬಂಡೆಯ ಮೇಲ್ಮೈ ಬಿಸಿಲು ಮಳೆಗೆ ಈರುಳ್ಳಿಯ ಪದರಗಳಂತೆ ಬಿಚ್ಚಿಕೊಳ್ಳುವ ಗುಣವುಳ್ಳದ್ದು. ಕಲ್ಲುಕುಟಿಗರು ಇದನ್ನರಿತು, ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಉರಿಸಿ ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ, ಕಾದ ಪದರವು ಹಿಗ್ಗಿ ತಳದ ಬಂಡೆಯಿಂದ ಬೇರ್ಪಡುವಂತೆ ಮಾಡುತ್ತಿದ್ದರು. ಪದರ ಬಿಟ್ಟಿತೇ ಇಲ್ಲವೇ ಎಂಬುದು ಸುತ್ತಿಗೆಯಿಂದ ಬಡಿದಾಗ ಬರುವ ಸದ್ದಿನಿಂದ ತಿಳಿಯುತ್ತಿತ್ತು. ಬೆಂಗಳೂರಿನ ಬಳಿ ಈ ಕೆಲಸವನ್ನು ಕಂಡ ಎಚ್. ವಾರ್ತ್ ಎಂಬ ವಿದ್ವಾಂಸರು ೧೮೯೫ರಲ್ಲಿ 'ನೇಚರ್' ಪತ್ರಿಕೆಗೆ ಅದರ ವಿವರವನ್ನು ಬರೆದರು. ಅವರು ಕೊಟ್ಟಿರುವ ಲೆಕ್ಕದಂತೆ, ಎಂಟು ಗಂಟೆಗಳ ಕಾಲ ಉರಿಸಿದ ಬೆಂಕಿಯಿಂದ ಸುಮಾರು ೭೪೦ ಚದರ ಅಡಿ ವಿಸ್ತಾರದ, ಸರಾಸರಿ ಐದು ಅಂಗುಲ ದಪ್ಪದ ಒಂದೇ ಹಾಸು ಬಿಡಿಸಿಬಂದಿತು. ಅದಕ್ಕೆ ಹಿಡಿದ ಸೌದೆ ಸುಮಾರು ೭೬೦ ಕಿಲೋಗ್ರಾಂ. ಒಂದು ಪಾಲು ಸೌದೆಗೆ ಮೂವತ್ತು ಪಾಲು ಕಲ್ಲು ದೊರೆತಂತಾಯಿತು. ಒಳ್ಳೆಯ ಮರ ವಿರಳವಾದ ನಾಡಿನಲ್ಲಿ ಕುರುಚಲು ಸೌದೆಯಿಂದ ಚಾವಣಿಯನ್ನು ಪಡೆಯುವ ಉಪಾಯವಿದು.

ಹೀಗೆ ಬಿಡಿಸಿದ ಹಾಸನ್ನು ಉಳಿ ಬೆಣೆಗಳಿಂದ ಪಟ್ಟಿಪಟ್ಟಿಯಾಗಿ ಸೀಳಿದರೆ ಚಪ್ಪಡಿ ಸಿದ್ಧ. ಎಂಟು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಚಪ್ಪಡಿ ಸುಮಾರು ೩೦೦ ಕಿಲೋಗ್ರಾಂ ತೂಗುತ್ತದೆ. ಇಷ್ಟು ಭಾರವನ್ನು ಮಣ್ಣಿನ ಗೋಡೆ ತಡೆದೀತೇ ಎಂಬ ಸಂದೇಹ ಬರಬಹುದು. ಲೆಕ್ಕ ಮಾಡಿದರೆ ಸಂದೇಹ ಪರಿಹಾರವಾಗುತ್ತದೆ. ನಾಲ್ಕು ಅಂಗುಲದ ಕಲ್ಲು ಚದರ ಮೀಟರಿಗೆ ಸುಮಾರು ೨೬೦ ಕಿಲೋಗ್ರಾಂ. ಅರ್ಧ ಅಡಿ ದಪ್ಪದ ಬಡಿದ ಮಣ್ಣೂ ಹೆಚ್ಚು ಕಡಿಮೆ ಅಷ್ಟೇ. ಮಾಳಿಗೆಯನ್ನು ಹೊತ್ತಿದ್ದ ಗೋಡೆ ಚಪ್ಪಡಿಯನ್ನೂ ಹೊರಬಲ್ಲುದು. ಆದ್ದರಿಂದಲೇ ಗೋಡೆಯನ್ನು ಕೆಡವದೆ ಮಣ್ಣಿನ ಮಾಳಿಗೆಯ ಸ್ಥಾನದಲ್ಲಿ ಕಲ್ಲನ್ನು ಹಾಸುವುದು ಸಾಧ್ಯವಾಯಿತು.

ಆದರೆ ಕಲ್ಲಿಗೂ ಅಂಕಣದ ಮಿತಿ ತಪ್ಪಿದ್ದಲ್ಲ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವುದು ಬಹು ಕಡಿಮೆ. ಎರಡು ತುದಿಗಳ ಮೇಲೆ ಮಲಗಿಸಿದ ಚಪ್ಪಡಿಯ ತಳಭಾಗ ತನ್ನ ಭಾರದಿಂದಲೇ ಎಳೆಯಲ್ಪಡುತ್ತದೆ. ಚಪ್ಪಡಿಯ ದಪ್ಪ ಅಷ್ಟೇ ಇದ್ದು, ಆಧಾರಗಳ ನಡುವಣ ಅಂತರ ಎರಡರಷ್ಟಾದರೆ ಈ ಎಳೆತ ನಾಲ್ಕರಷ್ಟಾಗುತ್ತದೆ. ಕೋಲಾರದ ಸೋಮೇಶ್ವರ ದೇವಾಲಯದ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದಕ್ಕೂ ಹಳ್ಳಿಯ ಮನೆಯ ಕೋಣೆ ಎಂಟು ಅಡಿಯನ್ನು ಮೀರದಿರುವುದಕ್ಕೂ ಕಾರಣ ಇದೇ. ದೇವಾಲಯವೂ ಮನೆಯೂ ಈ ಮಟ್ಟಿಗೆ ಒಂದೇ ವ್ಯಾಕರಣಕ್ಕೆ ಒಳಪಟ್ಟವು. ಚಪ್ಪಡಿಯ ಸಂದುಗಳನ್ನು ಗಾರೆಯಿಂದ ಮುಚ್ಚಿ, ಮೇಲೆ ಮಣ್ಣು ಅಥವಾ ಸುಣ್ಣದ ಗಾರೆಯನ್ನು ಹಾಸುವುದುಂಟು. ಹಾಗೆ ಮಾಡದಿದ್ದರೆ ಬೇಸಗೆಯಲ್ಲಿ ಕಾದ ಕಲ್ಲು ಇರುಳೆಲ್ಲ ಮನೆಯನ್ನು ಬೇಯಿಸುತ್ತದೆ.

ಮೂರನೆಯದು ಹೆಂಚು. ಕುಂಬಾರರು ತಿಗುರಿಯ ಮೇಲೆ ಮಾಡಿದ ಅರೆಕೊಳವೆಯಾಕಾರದ ನಾಡಹೆಂಚು ಹಳೆಯದು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿ, ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹೆಂಚನ್ನು ತಯಾರಿಸಲಾರಂಭಿಸಿದರು. ಇದಕ್ಕೆ ಒಂದು ವರ್ಷ ಮೊದಲು, ೧೮೬೪ರಲ್ಲಿ, ಬೆಂಗಳೂರು ಜೋಲಾರಪೇಟೆಗಳ ನಡುವಣ ರೈಲುದಾರಿ ತೆರೆದಿತ್ತು. ಮಾಲೂರು ಆ ದಾರಿಯಲ್ಲಿದೆ. ಮುಂದೆ ಮಾಲೂರು ತಾನೇ ಹೆಂಚು ಇಟ್ಟಿಗೆಗಳ ತಯಾರಿಕೆಗೆ ಹೆಸರಾಯಿತು. ಕಟ್ಟಿಗೆಯ ಆಸರೆಯೂ ಸೇರಿದಂತೆ ಈ ಚಾವಣಿಯ ತೂಕ ಚಪ್ಪಡಿಯ ತೂಕದ ಸುಮಾರು ನಾಲ್ಕನೆಯ ಒಂದು ಪಾಲು. ಗೋಡೆಗೆ ಭಾರ ಇಳಿಯಿತು. ಆದರೆ ಇಳಿಜಾರಿಗಾಗಿ ನಡುಗೋಡೆಯನ್ನು ಮೇಲೇರಿಸಬೇಕಾಯಿತು, ಕೊಯ್ದ ರೀಪುಗಳನ್ನು ತರಬೇಕಾಯಿತು. ರಾಗಿಯನ್ನೂ ಹುಣಿಸೆಯನ್ನೂ ಒಣಗಿಸಲು, ಬೇಸಗೆಯ ರಾತ್ರಿ ಮಲಗಲು ಒದಗುತ್ತಿದ್ದ ಮಾಳಿಗೆ ಮಾಯವಾಗಿ, ಅದಕ್ಕೆ ಬದಲಾಗಿ ಚಾವಣಿಯ ಕೆಳಗೆ ಅಟ್ಟ ದೊರೆಯಿತು.

ನಾಲ್ಕನೆಯದು ಕಬ್ಬಿಣದ ಸರಳು ಹಾಕಿದ ಸಿಮೆಂಟು ಕಾಂಕ್ರೀಟು. ಜನರ ಮಾತಿನಲ್ಲಿ 'ಆರ್‌ಸಿಸಿ ಮನೆ' ಅಥವಾ 'ಮೋಲ್ಡ್ ಮನೆ'. ಇಲ್ಲಿ ಎಳೆತವನ್ನು ಉಕ್ಕು ವಹಿಸಿಕೊಳ್ಳುವುದರಿಂದ ಅಂಕಣದ ಮಿತಿ ಸಡಿಲಿತು. ಹನ್ನೆರಡು ಹದಿನೈದು ಅಡಿಯ ಕೋಣೆಗೂ ನಡುವೆ ಕಂಬ ಬೇಡ. ಆದರೂ ಹಳೆಯ ತಳಪಾಯದ ಮೇಲೆ ಎದ್ದ ಹೊಸ ಮನೆಗಳಲ್ಲಿ ಕೋಣೆಯ ಅಗಲ ಅನೇಕ ವೇಳೆ ಹಿಂದಿನ ಎಂಟು ಅಡಿಯೇ ಆಗಿರುತ್ತದೆ. ಅದಕ್ಕೆ ಕಾರಣವೇನೆಂದರೆ, ನಿವೇಶನವು ಅಂಕಣದ ಲೆಕ್ಕದಲ್ಲಿ ಪಾಲಾಗಿದೆ. ನೆರೆಯವನ ಗೋಡೆ ಅಲ್ಲಿಯೇ ನಿಂತಿದೆ. ಮರದ ಜಂತೆ ವಿಧಿಸಿದ ಅಳತೆಯನ್ನು, ಮರ ಹೋದ ಮೇಲೂ, ಹಕ್ಕುಪತ್ರ ಉಳಿಸಿಕೊಂಡುಬಂದಿದೆ.

೪. ಬಾಳುವೆಯಿಂದಾದ ಮಾರ್ಪಾಡು

ಮನೆ ಬದಲಾಗುವುದು ಸಾಮಗ್ರಿಯಿಂದ ಮಾತ್ರವಲ್ಲ. ಅದರೊಳಗೆ ನಡೆಯುವ ಬಾಳುವೆಯೂ ಅದನ್ನು ಬದಲಾಯಿಸುತ್ತದೆ. ಮುಖ್ಯವಾದ ನಾಲ್ಕು ಕಾರಣಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಪಾಲು. ಅಣ್ಣತಮ್ಮಂದಿರು ಬೇರೆಯಾದಾಗ ಒಂದು ತೊಲೆಯ ನೇರಕ್ಕೆ ಅಡ್ಡಗೋಡೆ ಏಳುತ್ತದೆ. ಒಂದು ಒಲೆ ಎರಡಾಗುತ್ತದೆ. ಒಂದು ಕಿಟಕಿಯನ್ನು ಕಡಿದು ಎರಡನೆಯ ತಲೆಬಾಗಿಲು ಮಾಡುತ್ತಾರೆ. ನಡುಮನೆಯ ಮಧ್ಯದಲ್ಲಿದ್ದ ಗವಾಕ್ಷಿ ಒಬ್ಬನ ಪಾಲಿಗೆ ಹೋಗಿ ಮತ್ತೊಬ್ಬನ ಮನೆ ಕತ್ತಲಾಗುತ್ತದೆ. ಹೀಗೆ ಕುಟುಂಬದ ಚರಿತ್ರೆ ಗೋಡೆಯ ದಪ್ಪದಲ್ಲಿ ಅಚ್ಚಾಗುತ್ತದೆ: ದಪ್ಪ ಗೋಡೆ ಮೂಲದ್ದು, ತೆಳುಗೋಡೆ ಪಾಲಿನದು.

ಎರಡನೆಯದು ಒಲೆ. ಹಿಂದಿನ ಅಡುಗೆಮನೆಯ ಹೊಗೆ ಹೆಂಗಸರ ಕಣ್ಣನ್ನೂ ಉಸಿರನ್ನೂ ಕೆಡಿಸುತ್ತಿತ್ತು; ಆದರೆ ಜಂತೆಗೂ ಬಿದಿರಿಗೂ ಹುಳು ಹಿಡಿಯದಂತೆ ಕಾಪಾಡುತ್ತಿದ್ದುದೂ ಅದೇ ಹೊಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ರೂಪಿಸಿದ ಹೊಗೆಕೊಳವೆಯ 'ಅಸ್ತ್ರ ಒಲೆ' ಮುಂದಿನ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂದಿತು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡುಗೆ ಅನಿಲ ಬಡವರ ಮನೆಗಳಿಗೂ ವ್ಯಾಪಿಸಿತು. ಹೊಗೆ ಹೋಯಿತು, ಆರೋಗ್ಯ ಸುಧಾರಿಸಿತು; ಜೊತೆಗೆ ಗವಾಕ್ಷಿಯನ್ನು ಮುಚ್ಚಿದರು. ಹೊಗೆ ಕಾಣದ ಹಳೆಯ ಮರಕ್ಕೆ ಬೇರೆ ರಕ್ಷಣೆ ಬೇಕಾಯಿತು.

ಮೂರನೆಯದು ರೇಷ್ಮೆ. ಕೋಲಾರ ಸೀಮೆಯ ರೈತನ ಮನೆಯಲ್ಲಿ ನಡುಮನೆಯೇ ಹುಳುಮನೆಯಾಗಿತ್ತು. ಹುಳುವಿಗೆ ಬೇಕಾದ ೨೪ರಿಂದ ೨೮ ಡಿಗ್ರಿಯ ಉಷ್ಣತೆಯನ್ನೂ ತೇವದ ಹವೆಯನ್ನೂ ದಪ್ಪ ಮಣ್ಣಿನ ಗೋಡೆ ಸಹಜವಾಗಿ ಒದಗಿಸುತ್ತಿತ್ತು. ತಟ್ಟೆಗಳನ್ನಿಡುವ ಅಟ್ಟಣೆಗಳು ನಡುಮನೆಯನ್ನು ತುಂಬಿದರೆ, ಗೂಡು ಕಟ್ಟುವ ಕಾಲಕ್ಕೆ ಚಂದ್ರಿಕೆಗಳು ಜಗಲಿಯವರೆಗೂ ಬಂದು ನಿಲ್ಲುತ್ತಿದ್ದುವು. ಮನೆಯವರು ಹುಳುವಿಗೆ ಸ್ಥಳ ಬಿಟ್ಟು ತಾವು ಹೊರಗೆ ಮಲಗುವುದೂ ಉಂಟು. ೧೯೮೦ರಲ್ಲಿ ಊಜಿ ನೊಣ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಮೇಲೆ ಕಿಟಕಿ ಬಾಗಿಲುಗಳಿಗೆ ಬಲೆ ಬಂದಿತು. ಆಮೇಲೆ ಹುಳುಮನೆಯನ್ನು ವಾಸದ ಮನೆಯಿಂದ ಬೇರ್ಪಡಿಸಿ ಕಟ್ಟುವ ಪದ್ಧತಿ ಹರಡಿತು. ಸೀಮೆಹಸುಗಳು ಬಂದ ಮೇಲೆ ಕೊಟ್ಟಿಗೆಯೂ ಹೀಗೆಯೇ ಮನೆಯಿಂದ ಹೊರಬಿದ್ದಿತು. ತೆರವಾದ ಕೊಟ್ಟಿಗೆಯ ಅಂಕಣ ಮಲಗುವ ಕೋಣೆಯಾಗಿಯೋ ಬೀದಿಯ ಅಂಗಡಿಯಾಗಿಯೋ ಮಾರ್ಪಟ್ಟಿರುವುದನ್ನು ಕಾಣುತ್ತೇವೆ.

ನಾಲ್ಕನೆಯದು ಕಸುಬು. ಶಿಲ್ಪಿಯ ಮನೆಯಲ್ಲಿ ಮನೆಗೂ ಕಾರ್ಯಾಗಾರಕ್ಕೂ ನಡುವೆ ಗೆರೆಯಿರುವುದಿಲ್ಲ. ಉಳಿ ಸುತ್ತಿಗೆಯ ಕೆಲಸಕ್ಕೆ ನೆರಳು, ಬೆಳಕು, ಕಲ್ಲನ್ನು ಉರುಳಿಸಿ ತರಲು ಬೀದಿಯ ಸಾಮೀಪ್ಯ ಇಷ್ಟೇ ಸಾಕು. ಜಗಲಿಯೂ ಅದರ ಮುಂದಣ ಚಪ್ಪರವೂ ಇದಕ್ಕೆ ಅನುಕೂಲ. ಕೆಲಸವನ್ನು ನೋಡುತ್ತ ನೋಡುತ್ತಲೇ ಮಕ್ಕಳು ಕಲಿಯುವುದಕ್ಕೂ ಇದೇ ಸ್ಥಳ. ವಿದ್ಯುತ್ತಿನಿಂದ ಕಲ್ಲು ಕೊಯ್ಯುವ, ಉಜ್ಜುವ ಯಂತ್ರಗಳು ಬಂದಮೇಲೆ ಧೂಳೂ ಸದ್ದೂ ಹೆಚ್ಚಿದುವು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಕೆಲಸದ ಕೊಟ್ಟಡಿ ವಾಸದ ಮನೆಯಿಂದ ದೂರವಿರುವುದೇ ಲೇಸು. ಇಲ್ಲಿ ಹಳೆಯ ವ್ಯವಸ್ಥೆ ಮುರಿದುದು ಹಿತಕ್ಕಾಗಿಯೇ ಎಂದು ಒಪ್ಪಬೇಕು.

೫. ಮನೆಯನ್ನು ಓದುವ ಕ್ರಮ

ಇಂಥ ಮನೆಯನ್ನು ಅಭ್ಯಸಿಸಲು ಹೊರಡುವ ವಿದ್ಯಾರ್ಥಿಗೆ ಕೆಲವು ಸೂಚನೆಗಳು ಉಪಯುಕ್ತವಾಗಬಹುದು.

ಮೊದಲು ಬೀದಿಯ ಮಟ್ಟಕ್ಕೂ ಹೊಸ್ತಿಲಿನ ಮಟ್ಟಕ್ಕೂ ಇರುವ ಅಂತರವನ್ನು ಅಳೆಯಬೇಕು. ರಸ್ತೆಗೆ ಜಲ್ಲಿ, ಡಾಂಬರು, ಕಾಂಕ್ರೀಟು ಎಂದು ಪದರದ ಮೇಲೆ ಪದರ ಬಿದ್ದು ಬೀದಿ ಏರುತ್ತ ಬಂದಿದೆ. ಒಂದು ಕಾಲಕ್ಕೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕಾಗಿದ್ದರೆ ಆ ಮನೆ ರಸ್ತೆಗಿಂತ ಹಳೆಯದು.

ಎರಡನೆಯದಾಗಿ ಗೋಡೆಯ ತಲೆಯನ್ನು ಪರೀಕ್ಷಿಸಬೇಕು. ಹಳೆಯ ಜಂತೆಗಳು ಕುಳಿತಿದ್ದ ಗುಳಿಗಳು ಮಣ್ಣು ಮೆತ್ತಿದ್ದರೂ ಗುರುತಿಗೆ ಸಿಕ್ಕುತ್ತವೆ. ಪಕ್ಕದ ಗೋಡೆಯ ಮೇಲೆ ಓರೆಯಾದ ಗೆರೆಯೊಂದು ಕಂಡರೆ ಅಲ್ಲಿ ಹಿಂದೆ ಇಳಿಜಾರಿನ ಚಾವಣಿ ಇತ್ತೆಂದು ತಿಳಿಯಬೇಕು.

ಮೂರನೆಯದು ಕಲ್ಲಿನ ಅಂಚು. ಬೆಂಕಿಯಿಂದ ಬಿಡಿಸಿದ ಚಪ್ಪಡಿಯ ಮೈ ಬಂಡೆಯ ಸಹಜವಾದ ಬಾಗನ್ನು ಉಳಿಸಿಕೊಂಡಿರುತ್ತದೆ. ಕೈಯಿಂದ ಸೀಳಿದ ಅಂಚಿನಲ್ಲಿ ಬೆಣೆ ಹಾಕಿದ ಗಿಡ್ಡ ಗುಳಿಗಳ ಸಾಲು ಇರುತ್ತದೆ. ಯಂತ್ರದಿಂದ ಕೊರೆದಿದ್ದರೆ ಉದ್ದನೆಯ ಅರೆಕೊಳವೆಯಂಥ ಗೆರೆಗಳು ಕಾಣುತ್ತವೆ. ಇವುಗಳಿಂದ ಕಾಲದ ಅನುಕ್ರಮವನ್ನು ಸ್ಥೂಲವಾಗಿ ನಿಶ್ಚಯಿಸಬಹುದು.

ನಾಲ್ಕನೆಯದು ಮರ. ಇಲ್ಲಿ ಎಚ್ಚರ ಅಗತ್ಯ. ಮರ ದುರ್ಲಭವಾದ ಸೀಮೆಯಲ್ಲಿ ಕಂಬ, ಬೋದಿಗೆ, ಬಾಗಿಲುವಾಡಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಒಯ್ಯುವುದು ಸಾಮಾನ್ಯ. ಕೆತ್ತನೆಯ ತಲೆಬಾಗಿಲು ಮನೆಗಿಂತ ಹಳೆಯದಾಗಿರಬಹುದು. ಯಾವ ಕೆಲಸಕ್ಕೂ ಬಾರದ ತೂತು, ಕಚ್ಚು ಅದರಲ್ಲಿದ್ದರೆ ಅದು ಬೇರೆಡೆಯಿಂದ ಬಂದದ್ದೆಂದು ಊಹಿಸಲು ಅವಕಾಶವಿದೆ. ನುಣುಪಾದ, ನೆಟ್ಟನೆಯ, ತೆಳ್ಳನೆಯ ನೀಲಗಿರಿ ಮರದ ಜಂತೆಗಳು ಕಂಡರೆ, ಅವು ಆ ಮರವನ್ನು ರೈತರು ಹೊಲಗಳಲ್ಲಿ ವ್ಯಾಪಕವಾಗಿ ಬೆಳೆಯತೊಡಗಿದ ೧೯೮೦ರ ದಶಕ ಅಥವಾ ಅನಂತರದವು ಎನ್ನುವುದು ಹೆಚ್ಚು ಸಂಭಾವ್ಯ.

ಕಡೆಯದಾಗಿ ಮನೆಯ ಹಿರಿಯರ ಮಾತು. ಯಾವ ಮದುವೆಗೆ ಪಡಸಾಲೆಯನ್ನು ಕಟ್ಟಿದರು, ಯಾವ ಬರದಲ್ಲಿ ತೊಲೆ ಮಾರಿದರು, ಯಾವಾಗ 'ದೀಪ' ಬಂದಿತು ಎಂಬುದನ್ನು ಹೇಳಬಲ್ಲವರು ಅವರೇ. ಹೆಂಗಸರನ್ನು ಪ್ರತ್ಯೇಕವಾಗಿ ಕೇಳುವುದು ಅವಶ್ಯ; ಅಡುಗೆಮನೆಯ, ಬಚ್ಚಲಿನ, ಹಿತ್ತಲಿನ ಚರಿತ್ರೆ ಗಂಡಸರಿಗೆ ತಿಳಿದಿರುವುದು ಅಪರೂಪ.

೬. ಉಳಿವಿನ ಪ್ರಶ್ನೆ

ಇಂದು ಈ ಮನೆಗಳ ಮಾರ್ಪಾಡು ಸಾಮಾನ್ಯವಾಗಿ ಮುಂಭಾಗದಿಂದ ಆರಂಭವಾಗುತ್ತದೆ. ಬೀದಿಗೆ ಕಾಣುವ ಅಂಕಣವನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿ, ಹಿಂದಿನ ಅಂಕಣಗಳನ್ನು ಹಾಗೆಯೇ ಬಿಡುತ್ತಾರೆ. ಇಲ್ಲಿ ಎರಡು ತಪ್ಪುಗಳು ಮರಳಿ ಮರಳಿ ಆಗುತ್ತವೆ. ಹೊಸ ಚಾವಣಿಯ ನೀರನ್ನು ಹಳೆಯ ಮಣ್ಣಿನ ಗೋಡೆಯ ಕಡೆಗೆ ಹರಿಯಬಿಡುವುದು ಒಂದು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವುದು ಮತ್ತೊಂದು. ಮಣ್ಣು ತೇವವನ್ನು ಹೀರಿ ಬಿಡುತ್ತ ಉಸಿರಾಡುವ ವಸ್ತು. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ತೇವದಿಂದ ಮಣ್ಣು ಮೆತ್ತಗಾಗುತ್ತದೆ. ಎರಡರ ಹಿಗ್ಗು ಕುಗ್ಗುಗಳೂ ಬೇರೆಬೇರೆಯಾದ ಕಾರಣ ಗಿಲಾವು ಹಪ್ಪಳದಂತೆ ಎದ್ದು ಬೀಳುತ್ತದೆ. ಹಾಗಾದಾಗ ಜನರು ಮಣ್ಣಿನ ಗೋಡೆಯನ್ನೇ ದೂರುತ್ತಾರೆ. ಸುಣ್ಣವನ್ನೋ ಮಣ್ಣಿನ ಸಾರಣೆಯನ್ನೋ ಉಪಯೋಗಿಸಿ, ಬುಡದ ನೀರಿಗೆ ದಾರಿ ಮಾಡಿಕೊಟ್ಟರೆ ಆ ಗೋಡೆ ಇನ್ನೂ ಬಹುಕಾಲ ನಿಲ್ಲುವಂಥದು. ಮಣ್ಣನ್ನು ಹೊಸ ಕಟ್ಟಡಕ್ಕೂ ಒದಗಿಸಬಹುದೆಂಬುದನ್ನು ಅದೇ 'ಅಸ್ತ್ರ' ವಿಭಾಗದಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು, ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಗಳ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದಾರೆ.

ಹೀಗೆಂದ ಮಾತ್ರಕ್ಕೆ ಹಳೆಯ ಮನೆಗಳನ್ನೆಲ್ಲ ಇದ್ದಂತೆ ಉಳಿಸಬೇಕೆಂದು ಹೇಳುವುದು ನ್ಯಾಯವಾಗದು. ರೈಸ್ ಅವರ ಗೆಜೆಟಿಯರ್ ಹೇಳಿದ ಹುಲ್ಲುಗುಡಿಸಲುಗಳನ್ನು ಇಲ್ಲಿ ನೆನೆಯಬೇಕು. ತೊಟ್ಟಿ, ಕೆತ್ತನೆಯ ಕಂಬ, ಕಲ್ಲುಚಪ್ಪಡಿಗಳ ಚರಿತ್ರೆ ಊರಿನ ಎಲ್ಲರ ಚರಿತ್ರೆಯಲ್ಲ. ಅನೇಕ ಕುಟುಂಬಗಳಿಗೆ ಸೋರದ, ಸುಡದ ಚಾವಣಿ ಮೊಟ್ಟಮೊದಲು ದೊರೆತದ್ದು ಸರಕಾರದ ಯೋಜನೆಗಳಿಂದ: ೧೯೮೦ರ ದಶಕದ ಇಂದಿರಾ ಆವಾಸ್, ೧೯೯೦ರ ದಶಕದ ಆಶ್ರಯ, ೨೦೧೬ರಿಂದ ಪ್ರಧಾನಮಂತ್ರಿ ಆವಾಸ್. ಈ ಕಡೆಯ ಯೋಜನೆಯಲ್ಲಿ ಗೊತ್ತುಮಾಡಿದ ಕನಿಷ್ಠ ವಿಸ್ತೀರ್ಣ ಅಡುಗೆಯ ಸ್ಥಳವೂ ಸೇರಿ ೨೫ ಚದರ ಮೀಟರು. ಎಂಟಡಿ ಅಗಲ ಹದಿನಾರಡಿ ಉದ್ದದ ಅಂಕಣದ ಲೆಕ್ಕಕ್ಕೆ ಇದನ್ನು ತಂದರೆ ಎರಡು ಅಂಕಣಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಹಸುವಿಗೆ, ಕಣಜಕ್ಕೆ, ಕಸುಬಿಗೆ ಸ್ಥಳವೆಲ್ಲಿ ಎಂದು ಕೇಳುವ ಹಕ್ಕು ಹಳೆಯ ಮನೆಯನ್ನು ಅಭ್ಯಸಿಸಿದವರಿಗೆ ಉಂಟು. ಹುಲ್ಲಿನ ಚಾವಣಿಯೇ ಚೆನ್ನಾಗಿತ್ತೆಂದು ಹೇಳುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಆದುದರಿಂದ ಈಗ ನಮ್ಮಿಂದ ಆಗಬೇಕಾದುದು ದಾಖಲೆ. ಒಂದು ಚಪ್ಪಡಿಯ ಮನೆಯನ್ನು ಕೆಡವಲು ಯಂತ್ರಕ್ಕೆ ಒಂದು ಬೆಳಗು ಸಾಕು. ಅದರ ಚಪ್ಪಡಿಗಳು ಸಂಜೆಯ ಹೊತ್ತಿಗೆ ಚರಂಡಿಯ ಮುಚ್ಚಳವಾಗಿಯೋ ಹೊಲದ ಬೇಲಿಯಾಗಿಯೋ ಹಂಚಿಹೋಗಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದವರು. ಒಂದು ಅಳತೆಪಟ್ಟಿ, ಚೌಕುಳಿ ಕಾಗದ, ಮನೆಯವರ ಅನುಮತಿ ಇವಿಷ್ಟಿದ್ದರೆ ಒಬ್ಬೊಬ್ಬರು ಒಂದೊಂದು ಮನೆಯ ನಕ್ಷೆಯನ್ನು ತೆಗೆಯಬಹುದು. ನಕ್ಷೆಯಲ್ಲಿ ಅಂಕಣಗಳ ಅಗಲ, ಗೋಡೆಗಳ ದಪ್ಪ, ಚಾವಣಿಯ ಬಗೆ, ಹೊಸ್ತಿಲಿನ ಎತ್ತರ, ಪ್ರತಿಯೊಂದು ಮಾರ್ಪಾಡಿಗೂ ಮನೆಯವರು ಹೇಳುವ ಕಾರಣ ಇಷ್ಟನ್ನು ತಪ್ಪದೆ ಗುರುತಿಸಬೇಕು. ಗುಡಿಸಲಿನಿಂದ ಹಿಡಿದು ತೊಟ್ಟಿಯ ಮನೆಯವರೆಗೆ ಎಲ್ಲ ಬಗೆಯ ಮನೆಗಳೂ ಅದರಲ್ಲಿ ಸೇರಬೇಕು. ಹಾಗೆ ನೂರು ನಕ್ಷೆಗಳು ಒಂದೆಡೆ ಕೂಡಿದ ದಿನ, ಈ ಜಿಲ್ಲೆಯ ಶಾಸನಸಂಪುಟದ ಪಕ್ಕದಲ್ಲಿ ಇಡತಕ್ಕ ಇನ್ನೊಂದು ಸಂಪುಟಕ್ಕೆ ಸಾಮಗ್ರಿ ದೊರೆತಂತಾಗುವುದು.